ಎತ್ತು ಕೊಟ್ಟು ಸರದಿ ತಂದವಳು

ಥಾರ್ನ್‌ಹಿಲ್
೨೨ ನವೆಂಬರ್ ೨೦೧೫

ಬಸವಂತಮಾವನಿಗೆ ನೇತ್ರಾಳ ನಮಸ್ಕಾರಗಳು.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ, ನಮ್ಮ ತಂಡವೊಂದನ್ನು ಬಿಟ್ಟು. ಈ ಸೀಸನ್ನಿನಲ್ಲಿ ಆಡಿದ್ದು ಹದಿನೆಂಟು, ಗೆದ್ದದ್ದು ಮೂರು. ಕೊನೆಯ ಆಟಕ್ಕೆ ಸ್ಟೇಡಿಯಮ್ಮಿಗೆ ಬಂದವರಿಗಿಂತ ಎದುರಿನ ಡೋನಟ್ ಅಂಗಡಿಯ ಸಾಲಿನಲ್ಲಿ ನಿಂತವರೇ ಹೆಚ್ಚು ಎಂದು ಶಿವಾನಿ ಹೇಳಿದಳು. ಹೈಸ್ಕೂಲಿಗೆ ಹೋಗುವ ತಂಗಿಯಿಂದ ಇಂಥ ಮಾತು ಕೇಳಬೇಕು ನೋಡು.

ನೀನಂತೂ ಫೋನು ಮುಟ್ಟುವವನಲ್ಲ. ಅವ್ವ ನಿನಗೆ "ನೇತ್ರಾ ಗಂಡಸರನ್ನ ಮಾರತಾಳ, ಕೊಳ್ಳತಾಳ" ಎಂದು ಬರೆದಳಂತೆ! ನಾನಿರುವುದು ಯಾರ್ಕ್ ಹೆರನ್ಸ್ ಎಂಬ ಫುಟ್‌ಬಾಲ್ ತಂಡದಲ್ಲಿ. ಹೆರನ್ ಎಂದರೆ ಕೊಕ್ಕರೆ. ಇಲ್ಲಿಯ ಫುಟ್‌ಬಾಲ್ ಕಾಲಿನ ಆಟವಲ್ಲ. ಚೆಂಡು ಸುಲಿದ ತೆಂಗಿನಕಾಯಿಯ ಹಾಗೆ ಉದ್ದಕ್ಕಿದೆ. ಅದನ್ನು ಕಂಕುಳಲ್ಲಿ ಒತ್ತಿಕೊಂಡು ಓಡಿಯೋ, ಎಸೆದು ಹಿಡಿದೋ ಕೊನೆಯ ಗೆರೆ ದಾಟಿಸಬೇಕು, ಎದುರಿನವರು ಕೆಡವಬೇಕು. ಹುತುತು ಮತ್ತು ಕುಸ್ತಿ ಎರಡನ್ನೂ ಸೇರಿಸಿಕೋ. ತಂಡದ ಮ್ಯಾನೇಜರ್ ಸಾಲ್ ಪೆಟ್ರೋನಿ. ಆಟಗಾರರನ್ನು ಆರಿಸುವುದರಲ್ಲಿ ಅವರಿಗೆ ನೆರವಾಗುವುದು ನನ್ನ ಕೆಲಸ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಕಾಲೇಜು ಮುಗಿಸಿದ ಹುಡುಗರನ್ನು ಪ್ರತಿ ಮೇ ತಿಂಗಳು ತಂಡಗಳು ಸುತ್ತು ಸುತ್ತಾಗಿ, ಸರದಿಯಂತೆ ಆರಿಸಿಕೊಳ್ಳುತ್ತವೆ. ಅದಕ್ಕೆ ಡ್ರಾಫ್ಟ್ ಎನ್ನುತ್ತಾರೆ. ಎಲ್ಲರಿಗಿಂತ ಹೆಚ್ಚು ಸೋತವರಿಗೆ ಮೊದಲ ಸರದಿ. ಆ ಸರದಿಯನ್ನೂ ಕೊಡಬಹುದು, ತೆಗೆದುಕೊಳ್ಳಬಹುದು. ನಮ್ಮಲ್ಲಿ ವಿನ್‌ಸ್ಟನ್ ಟೇಟ್ ಎಂಬಾತ ಇದ್ದಾನೆ. ಚೆಂಡು ಎಸೆಯುವವನು, ಇಡೀ ತಂಡ ನಡೆಯುವುದು ಅವನಿಂದ. ಸ್ಕಾರ್‌ಬರೋದಲ್ಲಿ ಬೆಳೆದವನು, ವಯಸ್ಸು ಮೂವತ್ಮೂರು. ಊರಿನ ಮಕ್ಕಳೆಲ್ಲ ಅವನ ನಂಬರಿನ ಅಂಗಿ ತೊಡುತ್ತಾರೆ. ಅವನನ್ನು ಬೇರೆ ತಂಡಕ್ಕೆ ಕೊಟ್ಟು ಒಳ್ಳೆಯ ಸರದಿಗಳನ್ನು ತರೋಣ, ಹೊಸ ಹುಡುಗರಿಂದ ತಂಡ ಕಟ್ಟೋಣ ಎಂದು ಮೀಟಿಂಗಿನಲ್ಲಿ ಬಾಯಿಬಿಟ್ಟವಳು ನಾನೇ. ಸಾಲ್, "ಹಾಗಾದರೆ ನೀನೇ ಮಾಡು" ಎಂದುಬಿಟ್ಟರು.

ಹೆದರಿಕೆಯಾಗುತ್ತಿದೆ ಮಾವ, ನಗುವೂ ಬರುತ್ತಿದೆ. ಬೈಲಹೊಂಗಲದ ದನದ ಸಂತೆಯಲ್ಲಿ ನಿನ್ನ ಪಕ್ಕ ನಿಂತು ವ್ಯಾಪಾರ ನೋಡಿದವಳು ಕೆನಡಾದಲ್ಲಿ ದಲ್ಲಾಳಿಯಾದೆ.

ನಿನ್ನ ನೇತ್ರಾ


ಬೈಲಹೊಂಗಲ
೧೯ ಡಿಸೆಂಬರ್ ೨೦೧೫

ನನ್ನ ತಾಯಿ ನೇತ್ರಾ,

ನಿನ್ನ ಕಾಗದವನ್ನು ಸಂತೆಯ ಬಾಜೂ ಗುರುಬಸವ್ವನ ಚಹಾದ ಅಂಗಡಿಯಲ್ಲಿ ಕೂತು ಓದಿದೆ. ಆಕೆ ಕೇಳಿದಳೆಂದು ಎರಡನೇ ಸಲ ಗಟ್ಟಿಯಾಗಿ ಓದಿದೆ. ಅಷ್ಟರಲ್ಲಿ ಅರ್ಧ ಸಂತೆ ನೆರೆದಿತ್ತು. ನಿನ್ನ ಗುಟ್ಟು ಗುಟ್ಟಾಗಿ ಉಳಿಯಲಿಲ್ಲ, ತಪ್ಪು ತಿಳಿಯಬೇಡ.

ಮಾರಬೇಡವ್ವಾ. ಇಷ್ಟು ವರ್ಷ ದಲ್ಲಾಳಿಕೆ ಮಾಡಿದವನು ಹೇಳುತ್ತೇನೆ, ನಿಂತ ಎತ್ತು ಕೊಟ್ಟು ಇನ್ನೂ ಹುಟ್ಟದ ಕರುವಿಗೆ ಕೈಚಾಚಿದವರನ್ನು ನಾನು ಕಂಡಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗಾಯಿತು. ಆ ಸರದಿಗೆ ಯಾವ ಹುಡುಗ ಬರುತ್ತಾನೆ, ಅವನ ಕಾಲು ಹೇಗಿದೆ, ಗುಣ ಹೇಗಿದೆ, ಏನು ಗೊತ್ತು ನಿನಗೆ?

ಗುರುಬಸವ್ವ ಮಾತ್ರ ನಿನ್ನ ಕಡೆ. "ಮೂವತ್ಮೂರು ಅಂದ್ರ ಬಾಯಿ ಕೂಡಿದ್ದು ಆತಲ್ರಿ, ಹಲ್ಲೆಲ್ಲಾ ಬಂದು ವಯಸ್ಸಾತು, ಹೋಗಲಿ ಬಿಡ್ರಿ" ಎಂದಳು. "ಮನಿಶಾನ ಹಲ್ಲು ನೋಡತಾರೇನ ಯಾರರೆ?" ಎಂದೆ. "ಎತ್ತು ಅಂದಾವರು ನೀವು, ನಾ ಅಲ್ಲ" ಎಂದು ಚಹಾ ಸೋಸಿದಳು. ಕೂತವರೆಲ್ಲ ಬಿದ್ದು ಬಿದ್ದು ನಕ್ಕರು.

ಇನ್ನೊಂದು. ನಿನ್ನ ಸಾಲ್ ಸಾಹೇಬರು "ನೀನೇ ಮಾಡು" ಎಂದದ್ದು ನನಗೆ ಸರಿ ಕಾಣಲಿಲ್ಲ. ಕೆಡುವ ವ್ಯಾಪಾರವನ್ನು ಹಳಬರು ಹೊಸಬರ ಕೈಗೇ ಕೊಡುವುದು. ಬೇಕಾದರೆ ಟೇಟ್‌ನನ್ನು ಇಟ್ಟುಕೊಂಡು ಸಾಲ್‌ನನ್ನು ಮಾರಿಬಿಡು.

ಬಸವಂತಪ್ಪ


ಥಾರ್ನ್‌ಹಿಲ್
೬ ಮಾರ್ಚ್ ೨೦೧೬

ಮಾವ,

ನೀನು ಬೇಡ ಎಂದೆ. ಓದಿದೆ, ಒಂದಷ್ಟು ದಿನ ಯೋಚಿಸಿದೆ, ಆಮೇಲೆ ಮಾರಿದೆ. ಆದರೆ ಮಾರಿದ್ದು ನಿನ್ನ ಪದ್ಧತಿಯಲ್ಲೇ!

ಪಶ್ಚಿಮದ ಒಂದು ತಂಡದ ಮ್ಯಾನೇಜರ್ ಗ್ಲೆನ್ ಹಟ್ಟನ್ ಟೊರೊಂಟೊಗೆ ಬಂದಿದ್ದ. ನಮ್ಮ ಊಟ ಬೇಕೆಂದ, ಜೆರಾರ್ಡ್ ಸ್ಟ್ರೀಟಿನ ಇಂಡಿಯಾ ಬಜಾರಿಗೆ ಕರೆದುಕೊಂಡು ಹೋದೆ. ಮಸಾಲೆದೋಸೆ ಮುರಿಯುತ್ತಾ, ತಾನು ಹುಲ್ಲುಗಾವಲಿನ ದನಗಾರರ ಮಗ ಎಂದ. ಹಾಗಾದರೆ ಕೇಳು ಎಂದು ನಾನು ನಿನ್ನ ಸಂತೆಯ ಕಥೆ ತೆಗೆದೆ. ಟವೆಲ್ಲಿನ ಕೆಳಗೆ ಬೆರಳು ಹಿಡಿದು, ಸುತ್ತಲಿನವರಿಗೆ ಕೇಳದ ಹಾಗೆ ಬೆಲೆ ಹೇಳುವುದನ್ನು ವಿವರಿಸಿದೆ. ಅವನಿಗೆ ಹುಚ್ಚು ಹಿಡಿಯಿತು. "ಈಗಲೇ ಮಾಡೋಣ" ಎಂದು ಪೇಪರ್ ನ್ಯಾಪ್ಕಿನ್ ಬಿಡಿಸಿ ನಮ್ಮ ಕೈಗಳ ಮೇಲೆ ಹಾಸಿದ. ಬಾಯಲ್ಲಿ ಹಿಮದ ಮಾತು, ಕೆಳಗೆ ಟೇಟ್‌ನ ವ್ಯಾಪಾರ. ಅವನು ಎರಡು ಬೆರಳು ಒತ್ತಿದ: ಈ ವರ್ಷದ ಮತ್ತು ಮುಂದಿನ ವರ್ಷದ ಮೊದಲ ಸುತ್ತಿನ ಸರದಿಗಳು. ನಾನು ಮೂರನೆಯದನ್ನೂ ಹಿಡಿದೆಳೆದೆ: ಎರಡನೇ ಸುತ್ತಿನದೂ ಒಂದು ಬೇಕು. ನಗುತ್ತ ನಗುತ್ತ ಒಪ್ಪಿದ. ಬಿಲ್ ತಂದ ಹುಡುಗಿ ನಾವು ಗಂಡ ಹೆಂಡತಿ ಎಂದುಕೊಂಡು ಒಂದೇ ತಟ್ಟೆಯಲ್ಲಿ ಎರಡು ಪಾನ್ ಇಟ್ಟು ಹೋದಳು.

ಮರುದಿನ ಬೆಳಿಗ್ಗೆ ಇನ್ನೊಂದು ತಂಡದವರು ಸಾಲ್‌ಗೆ ಫೋನ್ ಮಾಡಿದರು. ಅಷ್ಟೇ ಸರದಿ, ಮೇಲೆ ಒಬ್ಬ ತಯಾರಾದ ಆಟಗಾರ! ನಾವಿನ್ನೂ ಯಾವ ಕಾಗದಕ್ಕೂ ಸಹಿ ಹಾಕಿರಲಿಲ್ಲ. ಸಾಲ್ ಕುಣಿದಾಡುತ್ತಿದ್ದರು. "ಆಗದು, ನಿನ್ನೆ ಬೆರಳು ಹಿಡಿದಾಗಿದೆ" ಎಂದೆ.

"ಇಟ್ ವಾಸ್ ಎ ನ್ಯಾಪ್ಕಿನ್, ನೇತ್ರಾ!"

ನಾನು ಜಗ್ಗಲಿಲ್ಲ. ಹಟ್ಟನ್ ಜೊತೆಗೇ ಸಹಿಯಾಯಿತು. ಸಾಲ್ ಎರಡು ದಿನ ಮಾತು ಬಿಟ್ಟರು. ಆಮೇಲೆ ತಮ್ಮ ತಾಯಿ ಮಾಡಿದ ಬಿಸ್ಕತ್ತಿನ ಡಬ್ಬಿ ತಂದು ನನ್ನ ಮೇಜಿನ ಮೇಲೆ ಕುಕ್ಕಿ, "ನೀನು ಮಾಡಿದ್ದು ಸರಿ ಎನ್ನುತ್ತಾಳೆ ನಮ್ಮಮ್ಮ. ನಾನು ಹಾಗೆನ್ನುವುದಿಲ್ಲ" ಎಂದರು.

ಟೇಟ್ ತನ್ನ ಸಾಮಾನು ಒಯ್ಯಲು ಬಂದಾಗ ನನಗೆ ಅವನ ಮುಖ ನೋಡಲಾಗಲಿಲ್ಲ. ಅವನೇ ಹತ್ತಿರ ಬಂದು, "ಒಳ್ಳೆಯ ಹುಡುಗರನ್ನು ಆರಿಸು. ಆ ಸೀಟುಗಳಲ್ಲಿ ನನ್ನ ಚಿಕ್ಕಮ್ಮಂದಿರು ಕೂರುತ್ತಾರೆ" ಎಂದ. ಈಗ ಊರೆಲ್ಲ ನನ್ನ ಮೇಲೆ ಸಿಟ್ಟು. "ಅಕ್ಕಾ, ಎವ್ರಿಬಡಿ ಅಟ್ ಸ್ಕೂಲ್ ಹೇಟ್ಸ್ ಯೂ" ಎಂದಳು ಶಿವಾನಿ, ದೋಸೆ ತಿನ್ನುತ್ತ.

ಮಾವ, ನೀನಾಗಿದ್ದರೂ ಮಾತಿಗೆ ಹೀಗೇ ನಿಲ್ಲುತ್ತಿದ್ದೆ ಅಲ್ಲವೇ? ಅದೊಂದು ಬರೆ, ಸಾಕು.

ನೇತ್ರಾ


ಬೈಲಹೊಂಗಲ
೨ ಏಪ್ರಿಲ್ ೨೦೧೬

ಇಲ್ಲವ್ವಾ ನೇತ್ರಾ, ನಿಲ್ಲುತ್ತಿರಲಿಲ್ಲ.

ಬೆರಳು ಹಿಡಿಯುವುದು ಬೆಲೆ ಕೇಳುವುದಕ್ಕೆ. ಒಂದೇ ಎತ್ತಿಗೆ ಒಂದೇ ಮುಂಜಾನೆ ಎಷ್ಟೋ ಮಂದಿಯ ಬೆರಳು ಹಿಡಿಯುತ್ತೇವೆ. ಕೊಳ್ಳುವವನು ತನ್ನ ಹೊಸ ಹಗ್ಗ ತಂದು ಎತ್ತಿನ ಕೊರಳಿಗೆ ಕಟ್ಟಿದ ಮೇಲೆಯೇ ವ್ಯಾಪಾರ ಮುಗಿದದ್ದು. ಅಲ್ಲಿಯ ತನಕ ಯಾರು ಹೆಚ್ಚು ಕೊಟ್ಟರೆ ಅವರದು. ನಿನಗೆ ಟವೆಲ್ಲಿನ ತನಕ ಕಲಿಸಿದ್ದೆ. ಹಗ್ಗದ ಪಾಠ ಶುರು ಮಾಡುವಷ್ಟರಲ್ಲಿ ನಿನ್ನವ್ವ ಜಯಶೀಲಾ ಊಟಕ್ಕೆ ಕರೆದಳು. ಮರುವಾರ ನೀವು ವಿಮಾನ ಹತ್ತಿದಿರಿ. ಹತ್ತು ವರ್ಷದ ಹುಡುಗಿಗೆ ಕಲಿಸಿದ ಅರ್ಧ ವಿದ್ಯೆ ಕೆನಡಾದಲ್ಲಿ ಹೀಗೆ ಒಬ್ಬ ಆಟಗಾರನನ್ನು ನುಂಗುತ್ತದೆ ಎಂದು ನನಗೇನು ಗೊತ್ತು!

ಸಂತೆಯಲ್ಲಿ ಇದನ್ನು ಹೇಳಿದಾಗ ಮಂದಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಆ ಹುಡುಗಿನ ಇಲ್ಲಿಗೆ ಕರಸ್ರಿ, ನಮ್ಮ ಎತ್ತೆಲ್ಲಾ ಆಕಿಗೇ ಹಚ್ಚೋಣು" ಎಂದರು.

ಹಟ್ಟನ್‌ಗೆ ಹಗ್ಗದ ಮಾತು ಅಪ್ಪಿತಪ್ಪಿಯೂ ಹೇಳಬೇಡ. ನಿನ್ನನ್ನು ಸತ್ಯವಂತೆ ಎಂದುಕೊಂಡಿರಲಿ. ಅಂಥ ಹೆಸರು ಎಷ್ಟು ಹುಡುಕಿದರೂ ನಮ್ಮ ದಂಧೆಯಲ್ಲಿ ಸಿಗುವುದಿಲ್ಲ.

ಬಸವಂತಪ್ಪ


ಥಾರ್ನ್‌ಹಿಲ್
೨೫ ಜೂನ್ ೨೦೧೬

ಮಾವ,

ನಿನ್ನ ಪತ್ರವನ್ನು ಯಂಗ್ ಸ್ಟ್ರೀಟಿನ ಬಸ್ಸಿನಲ್ಲಿ ಓದಿದೆ. ಎಷ್ಟು ನಕ್ಕೆನೆಂದರೆ ಪಕ್ಕದ ಮುದುಕಿ ನೀರಿನ ಬಾಟಲಿ ಕೊಟ್ಟಳು. ಸಾಲ್‌ಗೆ ಹೇಳಿಲ್ಲ. ಹೇಳಿದರೆ ನನ್ನನ್ನು ಹೊಸ ಹಗ್ಗದಲ್ಲೇ ಕಟ್ಟಿಹಾಕುತ್ತಾರೆ.

ಡ್ರಾಫ್ಟ್ ಮುಗಿಯಿತು. ಹಟ್ಟನ್ ಕೊಟ್ಟ ಮೊದಲ ಸರದಿಗೆ ಅರೋರಾ ಊರಿನ ಓವನ್ ಮೆಕ್ಕಿನನ್‌ನನ್ನು ಆರಿಸಿದೆ. ಬಾಗಿಲಲ್ಲಿ ಅಡ್ಡ ತಿರುಗಿ ಒಳಗೆ ಬರಬೇಕು, ಅಷ್ಟು ಅಗಲ. ಎದುರಿನವರನ್ನು ಕೆಡವುವುದೊಂದೇ ಅವನ ಕೆಲಸ, ಕೆಡವಿದ ಮೇಲೆ ಸಾರಿ ಕೇಳುತ್ತಾನೆ. ಮೂರನೇ ಬೆರಳು ಎಳೆದು ತಂದ ಸರದಿಗೆ ಯಾರು ಸಿಕ್ಕರು ಹೇಳು? ಚೆನ್ನಯ! ಮಾರ್ಕಮ್‌ನಲ್ಲಿ ಹುಟ್ಟಿದ ಉಡುಪಿಯವರ ಹುಡುಗ. ನಮ್ಮವನೆಂದು ಆರಿಸಲಿಲ್ಲ, ಅವನು ಓಡುವುದನ್ನು ನೋಡಿ ಆರಿಸಿದೆ. ಅವನ ತಾಯಿ ಶರ್ಮಿಳಾ ಮನೆಗೆ ನೀರುದೋಸೆ ತಂದು, "ನಮ್ಮ ಮಾಣಿಗೆ ಪೆಟ್ಟಾದ್ರೆ ನಾನು ನಿಮ್ಮನ್ನೇ ಕೇಳುದು ಮಾರಾಯ್ತಿ" ಎಂದರು. ನಾನು ಕನ್ನಡದಲ್ಲಿ ಬೈದರೆ ಚೆನ್ನಯ ಇಂಗ್ಲಿಷಿನಲ್ಲಿ ಸಮಾಧಾನ ಹೇಳುತ್ತಾನೆ.

ಸೀಸನ್ ಶುರುವಾಗಿದೆ. ಹುಡುಗರು ಕಲಿಯುತ್ತಿದ್ದಾರೆ.

ನೇತ್ರಾ


ಥಾರ್ನ್‌ಹಿಲ್
೧೧ ಸೆಪ್ಟೆಂಬರ್ ೨೦೧೬

ಮಾವ,

ಇಲ್ಲಿ ಹವೆ ಬಹಳ ಚೆನ್ನಾಗಿದೆ. ಅವ್ವ ಹಿತ್ತಿಲಲ್ಲಿ ಮೆಂತ್ಯೆ ಬೆಳೆದಿದ್ದಾಳೆ. ಆಟದ ವಿಷಯ ವಿಶೇಷವೇನಿಲ್ಲ.

ನೇತ್ರಾ


ಬೈಲಹೊಂಗಲ
೫ ಅಕ್ಟೋಬರ್ ೨೦೧೬

ನೇತ್ರಾ,

ನಲವತ್ತೊಂದಕ್ಕೆ ಆರು ಎಂದರೆ ವಿಶೇಷವಲ್ಲವೇನವ್ವಾ? ಮೆಂತ್ಯೆ ಸೊಪ್ಪಿನ ಕೆಳಗೆ ಅಷ್ಟು ದೊಡ್ಡ ಸೋಲು ಮುಚ್ಚಿದರೆ ಮುಚ್ಚುತ್ತದೆಯೇ?

ಬರೆದ ಮೇಲೆ ನೆನಪಾಯಿತು, ನನಗಿದು ಗೊತ್ತಿರಬಾರದಿತ್ತು. ಇರಲಿ, ಹೇಳಿಬಿಡುತ್ತೇನೆ. ಗುರುಬಸವ್ವನ ಮೊಬೈಲಿನಲ್ಲಿ ನಿಮ್ಮ ಕೊಕ್ಕರೆಗಳ ಲೆಕ್ಕವೆಲ್ಲ ಬರುತ್ತದೆ. ಮುಂಜಾನೆ ಮೊದಲ ಚಹಾದ ಜೊತೆ ಓದಿ ಹೇಳುತ್ತಾಳೆ. ಜುಲೈಯಿಂದ ಇಡೀ ಸಂತೆಗೆ ಗೊತ್ತು. ನೀನು ಬರೆಯಲಿಲ್ಲ, ನಾನೂ ನಿನ್ನನ್ನು ನೇರ ಕೇಳಲಿಲ್ಲ. ನಿನಗೆ ನಾಚಿಕೆಯಾಗದಿರಲಿ ಎಂದು ಸುಮ್ಮನಿದ್ದೆ, ಈ ಹಾಳು ಪೆನ್ನು ಸುಮ್ಮನಿರಲಿಲ್ಲ.

ಸೋತರೆ ಸೋಲಲಿ. ಆದರೆ ಮೂರೇ ಸಾಲು ಬರೆಯುವ ಹುಡುಗಿ ನೀನಲ್ಲ. ಏನೋ ನುಂಗಿಕೊಂಡಿದ್ದಿ. ಪೂರಾ ಬರೆ.

ಬಸವಂತಪ್ಪ


ಥಾರ್ನ್‌ಹಿಲ್
೧೩ ನವೆಂಬರ್ ೨೦೧೬

ಮಾವ,

ಕಳ್ಳಾ! ಅಷ್ಟು ದಿನ ಗೊತ್ತಿದ್ದೂ "ನೇತ್ರಾಳ ತಂಡ ಹೇಗಿದೆ" ಎಂದು ಅವ್ವನಿಗೆ ಬರೆದ ಪತ್ರಗಳಲ್ಲಿ ಕೇಳುತ್ತಿದ್ದೆಯಲ್ಲ!

ಪೂರಾ ಬರೆಯುತ್ತೇನೆ. ಇದನ್ನು ಅವ್ವನಿಗೂ ಹೇಳಿಲ್ಲ. ೨೦೧೭ರ ಸೀಸನ್ ಮುಗಿಯುವುದರೊಳಗೆ ತಂಡ ಪ್ಲೇಆಫ್ ತಲುಪದಿದ್ದರೆ, ಅಂದರೆ ಕೊನೆಯ ಸುತ್ತಿನ ಪೈಪೋಟಿಗೆ ಅರ್ಹತೆ ಪಡೆಯದಿದ್ದರೆ, ಮಾಲೀಕರು ಅದನ್ನು ಬೇರೆ ಪ್ರಾಂತ್ಯಕ್ಕೆ ಒಯ್ಯುತ್ತಾರೆ. ಟೇಟ್‌ನನ್ನು ಮಾರುವ ಮೊದಲೇ ನನಗಿದು ಗೊತ್ತಿತ್ತು. ಈ ವರ್ಷ ಗೆದ್ದದ್ದು ನಾಲ್ಕು. ತಂಡ ಹೋದರೆ ಟಿಕೆಟ್ ಹರಿಯುವವರು, ಹುಲ್ಲು ಕತ್ತರಿಸುವವರು, ಶನಿವಾರ ಮಕ್ಕಳನ್ನು ಹೆಗಲ ಮೇಲೆ ಹೊತ್ತು ಬರುವವರು, ಎಲ್ಲರ ಪಾಲಿಗೂ ಅದು ಹೋದಂತೆಯೇ. ಅದನ್ನು ಕಳೆದವಳು ಟೇಟ್‌ನನ್ನು ಮಾರಿದ ನೇತ್ರಾ ಎನ್ನುತ್ತಾರೆ.

ಆದರೂ ಒಂದು ಮಾತು ಹೇಳಲೇ? ಕೊನೆಯ ಆಟದಲ್ಲಿ ಸೋತು ಹೊರಬಂದಾಗ ಓವನ್ ಮತ್ತು ಚೆನ್ನಯ ಮಳೆಯಲ್ಲಿ ನಿಂತು, ಯಾರು ಎಲ್ಲಿ ತಪ್ಪಿದರೆಂದು ಕೈ ಬೀಸಿ ಬೀಸಿ ಜಗಳವಾಡುತ್ತಿದ್ದರು. ಸೋತು ಸೋತು ಒಗ್ಗಿಹೋದವರು ಹಾಗೆ ಜಗಳವಾಡುವುದಿಲ್ಲ. ನನಗೆ ಅಲ್ಲೇ ಖುಷಿಯಿಂದ ಮೈ ಬೆಚ್ಚಗಾಯಿತು. ಹಟ್ಟನ್ ಕೊಟ್ಟ ಸರದಿ ಇನ್ನೂ ಒಂದಿದೆ.

ನೇತ್ರಾ


ಬೈಲಹೊಂಗಲ
೧೫ ಜನವರಿ ೨೦೧೭

ನನ್ನ ತಾಯಿ,

ಸಂಕ್ರಮಣದ ಎಳ್ಳು ಬೆಲ್ಲ ಇದರ ಜೊತೆ ಇಟ್ಟಿದ್ದೇನೆ, ಅಂಚೆಯವರು ತಿನ್ನದಿದ್ದರೆ ನಿನಗೆ ಸಿಗುತ್ತದೆ.

ನಾನು ಮಾರಬೇಡ ಎಂದಿದ್ದೆ. ಈಗ ಬೇರೆ ಮಾತು ಹೇಳುತ್ತೇನೆ. ಮೊದಲ ವರ್ಷದ ಹೋರಿಕರು ನೊಗ ಕಂಡರೆ ಮಲಗುತ್ತದೆ. ಹೊಡೆಯಬಾರದು, ಮಾರಬಾರದು, ಪಕ್ಕದಲ್ಲಿ ನಡೆಯಬೇಕು. ಎರಡನೇ ವರ್ಷ ತಾನೇ ಕೊರಳು ಕೊಡುತ್ತದೆ. ನಡೆ ಅವರ ಪಕ್ಕದಲ್ಲಿ. ಊರು ಬೈದರೆ ಬೈಯಲಿ, ಬೈದವರ ಬಾಯಿ ನೋಯುತ್ತದೆ.

ಗುರುಬಸವ್ವ ತನ್ನ ಮನೆಯ ಹೊಸ ಕರುವಿಗೆ ಓವನ್ ಎಂದು ಹೆಸರಿಟ್ಟಿದ್ದಾಳೆ. ಕರೆದರೆ ಬರುವುದಿಲ್ಲ, ಆದರೆ ಎದುರಿಗೆ ಬಂದವರನ್ನೆಲ್ಲ ಕೆಡವುತ್ತದೆ.

ಬಸವಂತಪ್ಪ


ಥಾರ್ನ್‌ಹಿಲ್
೫ ನವೆಂಬರ್ ೨೦೧೭

ಮಾವಾ!

ಗುರುಬಸವ್ವನ ಮೊಬೈಲು ಅಂಕೆ ಹೇಳಿರುತ್ತದೆ, ಆಟವನ್ನು ಹೇಳಿರುವುದಿಲ್ಲ. ಕೂತು ಕೇಳು.

ನಿನ್ನೆ ಸೀಸನ್ನಿನ ಕೊನೆಯ ಆಟ. ಗೆದ್ದರೆ ಪ್ಲೇಆಫ್, ಸೋತರೆ ಊರಿಗೆ ತಂಡವಿಲ್ಲ. ಎದುರಾಳಿ ಯಾರು? ಹಟ್ಟನ್‌ನ ತಂಡ. ಚೆಂಡು ಎಸೆಯುವವನು ನಮ್ಮ ಟೇಟ್! ನಮ್ಮ ಸ್ಟೇಡಿಯಮ್ಮಿನಲ್ಲೇ ಅರ್ಧ ಮಂದಿ ಅವನ ಹಳೆಯ ಅಂಗಿ ತೊಟ್ಟು ಬಂದಿದ್ದರು. ಅವನ ಚಿಕ್ಕಮ್ಮಂದಿರು ಒಂದು ಕೈಯಲ್ಲಿ ನಮ್ಮ ಬಾವುಟ, ಇನ್ನೊಂದರಲ್ಲಿ ಅವನ ಫೋಟೋ ಹಿಡಿದಿದ್ದರು.

ಮೊದಲರ್ಧ ಟೇಟ್ ನಮ್ಮನ್ನು ಆಟವಾಡಿಸಿದ. ನನ್ನ ಹಿಂದಿನ ಸೀಟಿನವನು, "ಇವನನ್ನು ಮಾರಿದವರ ಬುದ್ಧಿ ಎಲ್ಲಿತ್ತು" ಎಂದು ನನಗೆ ಕೇಳಲೆಂದೇ ಹೇಳಿದ. ಆಮೇಲೆ ಹಟ್ಟನ್ ಕೊಟ್ಟಿದ್ದರಲ್ಲಿ ಉಳಿದಿದ್ದ ಸರದಿಗೆ ಈ ಮೇ ತಿಂಗಳು ತಂದ ಹುಡುಗ ಚೆಂಡನ್ನು ಆಕಾಶಕ್ಕೆ ಎಸೆದ. ಚೆನ್ನಯ ಅದರ ಕೆಳಗೆ ಓಡಿದ, ಓಡಿದ. ನಾನು "ಹಿಡಿಯೋ, ಹಿಡಿಯೋ" ಎಂದು ಕನ್ನಡದಲ್ಲೇ ಕಿರುಚಿದೆ. ಹಿಡಿದ! ನಾವು ನಾಲ್ಕು ಅಂಕ ಮುಂದೆ. ಶರ್ಮಿಳಾ ನನ್ನ ಕೈಯನ್ನು ಎಷ್ಟು ಜೋರಾಗಿ ಹಿಸುಕಿದರೆಂದರೆ ಇವತ್ತು ಪೆನ್ನು ಹಿಡಿಯಲು ಕಷ್ಟವಾಗುತ್ತಿದೆ.

ಆಟ ಅಷ್ಟಕ್ಕೇ ಮುಗಿಯಲಿಲ್ಲ. ಕೊನೆಯ ಒಂದೇ ಒಂದು ಎಸೆತ ಉಳಿದಿತ್ತು, ಟೇಟ್ ನಮ್ಮ ಗೆರೆಯ ಹೊಸ್ತಿಲಿಗೆ ಬಂದು ನಿಂತಿದ್ದ. ಅವನು ಎಸೆದರೆ ನಮ್ಮ ಕಥೆ ಮುಗಿಯಿತು. ಕೈ ಎತ್ತಿದ. ಇಬ್ಬರನ್ನು ತಳ್ಳಿಕೊಂಡು ಓವನ್ ಬಂದ ನೋಡು ಮಾವ! ಅವನೂ ಟೇಟೂ ದೊಪ್ಪನೆ ಬಿದ್ದರು, ಚೆಂಡು ಉರುಳಿತು, ಸ್ಟೇಡಿಯಂ ಎದ್ದು ನಿಂತಿತು. ಓವನ್ ಸಾರಿ ಕೇಳಿ ಟೇಟ್‌ನನ್ನು ಎಬ್ಬಿಸಿದ. ಟೇಟ್ ಅವನ ಹೆಲ್ಮೆಟ್ ತಟ್ಟಿ, ಜನರ ಮಧ್ಯೆ ನನ್ನನ್ನು ಹುಡುಕಿ, "ಯು ಪಿಕ್ಡ್ ಗುಡ್ ಒನ್ಸ್!" ಎಂದು ಕೂಗಿದ. ನಾನು ಸಾಲ್ ಅವರನ್ನು ತಬ್ಬಿಕೊಂಡೆ, ಸಾಲ್ ಹಿಂದಿನ ಸೀಟಿನವನನ್ನು ತಬ್ಬಿಕೊಂಡರು. ಮಾಲೀಕರು ಅಲ್ಲೇ ಮೈಕ್ ಹಿಡಿದು ತಂಡ ಎಲ್ಲಿಗೂ ಹೋಗುವುದಿಲ್ಲ ಎಂದರು.

ಮುಂದಿನ ವಾರ ಪ್ಲೇಆಫಿನಲ್ಲಿ ನಮ್ಮನ್ನು ಚಚ್ಚಿ ಹಾಕುತ್ತಾರೆ, ನನಗೆ ಗೊತ್ತು. ಚಚ್ಚಲಿ. ಇಷ್ಟು ಸಂತೋಷ ನನ್ನ ಜನ್ಮದಲ್ಲಿ ಪಟ್ಟಿಲ್ಲ.

ನೇತ್ರಾ


ಬೈಲಹೊಂಗಲ
೨೮ ನವೆಂಬರ್ ೨೦೧೭

ನನ್ನ ತಾಯಿ ನೇತ್ರಾ,

ನಿನ್ನ ಕಾಗದವನ್ನು ಈ ಸಲ ಸಂತೆಗೆ ನಾನು ಓದಿ ಹೇಳಲಿಲ್ಲ. ಗುರುಬಸವ್ವನೇ ಕಟ್ಟೆಯ ಮೇಲೆ ನಿಂತು ಓದಿದಳು. ಓವನ್ ಕೆಡವಿದ್ದು ಬಂದಾಗ ಮಂದಿ ಟವೆಲ್ಲು ಮೇಲಕ್ಕೆ ಎಸೆದರು. ಆ ದಿನ ಅಂಗಡಿಯಲ್ಲಿ ಎಲ್ಲರಿಗೂ ಪೇಢೆ. ಆಮೇಲಿನ ಆಟದಲ್ಲಿ ನಿಮ್ಮನ್ನು ಚಚ್ಚಿದ್ದೂ ಗೊತ್ತಾಯಿತು, ಅದಕ್ಕೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಈಗ ದಲ್ಲಾಳಿಯ ಮಾತು ಕೇಳು. ಜಾತ್ರೆ ಗೆದ್ದ ಹೋರಿಗೆ ಜಾತ್ರೆಯ ಮರುದಿನ ಇರುವ ಬೆಲೆ ಮುಂದೆ ಎಂದೂ ಇರುವುದಿಲ್ಲ. ಓವನ್‌ನನ್ನು ಈಗಲೇ ಕೊಟ್ಟು ಮೂರು ಸರದಿ ತಗೋ. ಈ ಸಲ ಹಗ್ಗ ಕಟ್ಟುವ ತನಕ ಎಲ್ಲರ ಬೆರಳೂ ಹಿಡಿ. ಕೊಡು, ತಡ ಮಾಡಬೇಡ.

ಬಸವಂತಪ್ಪ


ಥಾರ್ನ್‌ಹಿಲ್
೨೦ ಜನವರಿ ೨೦೧೮

ಬಸವಂತಮಾವನಿಗೆ,

ಸಾಲ್ ನಿವೃತ್ತರಾದರು. ಹೋಗುವಾಗ ತಮ್ಮ ಕುರ್ಚಿಯನ್ನು ನನ್ನ ಕೋಣೆಗೆ ತಾವೇ ತಳ್ಳಿಕೊಂಡು ಬಂದು, "ಕೂತುಕೋ ಮ್ಯಾನೇಜರ್" ಎಂದರು. ಅವ್ವ ಈಗ ಕನ್ನಡ ಸಂಘದಲ್ಲಿ ಕೇಳದವರಿಗೂ ಹೇಳುತ್ತಿದ್ದಾಳೆ.

ಕುರ್ಚಿಯಲ್ಲಿ ಕೂತ ಮೊದಲ ದಿನವೇ ಹಟ್ಟನ್ ಫೋನ್ ಮಾಡಿದ. ನೀನು ಹೇಳಿದ ಹಾಗೇ ಆಯಿತು. ಓವನ್‌ಗೆ ಮೊದಲ ಸುತ್ತಿನ ಮೂರು ಸರದಿ ಕೊಡುತ್ತೇನೆಂದ. "ನಿನ್ನ ಮಾತೊಂದಿದ್ದರೆ ಸಾಕು, ಕಾಗದ ಆಮೇಲೆ" ಎಂದ. ಈ ಲೀಗಿನಲ್ಲಿ ಇನ್ನಾರಿಗೂ ಅವನು ಹಾಗೆ ಹೇಳುವುದಿಲ್ಲ. ಬೆಲೆ ಒಳ್ಳೆಯದು, ನನಗೂ ಗೊತ್ತು. ನೀನಾಗಿದ್ದರೆ ಕೊಡುತ್ತಿದ್ದೆ.

ಕಿಟಕಿಯ ಹೊರಗೆ ಹಿಮ ಬೀಳುತ್ತಿತ್ತು. ರಜೆಯಿದ್ದರೂ ಓವನ್ ಮತ್ತು ಚೆನ್ನಯ ಬಂದು, ಮೈದಾನದ ಮೂಲೆಯಲ್ಲಿ ಹಿಮ ಸರಿಸಿ ಊರಿನ ಮಕ್ಕಳಿಗೆ ಚೆಂಡು ಎಸೆಯುತ್ತಿದ್ದರು. ಓವನ್ ಬೇಕೆಂದೇ ಕೆಡವಿಸಿಕೊಂಡು ಬೀಳುತ್ತಿದ್ದ, ಮಕ್ಕಳು ಅವನ ಮೇಲೆ ಹತ್ತಿ ಕುಣಿಯುತ್ತಿದ್ದರು. ಅವರನ್ನು ನೋಡುತ್ತ ನನಗೆ ಕಣ್ಣು ತುಂಬಿ ಬಂತು ಮಾವ.

"ಹಟ್ಟನ್, ಕೇಳಿದ್ದಕ್ಕೆ ಸಂತೋಷ" ಎಂದೆ. "ಆದರೆ ಈ ವರ್ಷ ನಮ್ಮ ಮನೆಯಲ್ಲಿ ಮಾರುವುದಕ್ಕೆ ಏನೂ ಇಲ್ಲ."

ನಿನ್ನ ನೇತ್ರಾ